ಹಂಚಿಕೆಯೋ ಕಳವೋ?

ಕೊಡುಕೊಳ್ಳುವಿಕೆಯಿಲ್ಲದೆ ಹಳ್ಳಿಯ ಬಾಳು ನಡೆಯದು. ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ಅಡಿಕೆ ತೋಟಗಳ ನಡುವೆ ಬೆಳೆದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಅಡಿಕೆ ಕೊಯ್ಯುವ ದೋಟಿಯನ್ನು ನೆರೆಮನೆಯವರು ಕೇಳಿದರೆ ಕೊಡುತ್ತೇವೆ. ಕೊಯ್ಲು ಮುಗಿದ ಮೇಲೆ ಅದು ಹಿಂದಿರುಗಿ ಬರುತ್ತದೆ. ಒಳ್ಳೆಯ ಫಸಲು ಕೊಡುವ ಕಾಳುಮೆಣಸಿನ ಬಳ್ಳಿಯ ಕುಡಿಯನ್ನು ಕೇಳಿದರೂ ಕೊಡುತ್ತೇವೆ; ಅದು ಹಿಂದಿರುಗಿ ಬರುವುದಿಲ್ಲ, ಬರಬೇಕೆಂದು ಯಾರೂ ಎಣಿಸುವುದೂ ಇಲ್ಲ. ಎರಡೂ ಉಪಕಾರಗಳೇ. ಆದರೆ ಅವುಗಳ ಸ್ವರೂಪ ಒಂದೇ ಅಲ್ಲ. ದೋಟಿಯು ನೆರೆಯವರ ಅಂಗಳದಲ್ಲಿರುವಷ್ಟು ದಿನ ನಮ್ಮ ಅಂಗಳದಲ್ಲಿ ಇರುವುದಿಲ್ಲ. ಬಳ್ಳಿಯಾದರೋ ನಮ್ಮ ಮರದಲ್ಲಿಯೂ ಇರುತ್ತದೆ, ಅವರ ಮರದಲ್ಲಿಯೂ ಚಿಗುರುತ್ತದೆ. ಕೊಟ್ಟವನಿಗೆ ಕಿಂಚಿತ್ತೂ ನಷ್ಟವಿಲ್ಲ. ಪಡೆದವನಿಗೆ ಪೂರ್ಣ ಲಾಭ.

ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡು, ಇಂದಿನ ವಿದ್ಯಾರ್ಥಿಗಳ ನಡುವೆ ದಿನನಿತ್ಯ ನಡೆಯುವ ಒಂದು ವ್ಯವಹಾರವನ್ನು ನೋಡೋಣ. ಒಬ್ಬನು ಹಣ ಕೊಟ್ಟು ಕಂಪ್ಯೂಟರಿನಲ್ಲಿ ಆಡುವ ಒಂದು ವಿಡಿಯೋ ಆಟವನ್ನು ಕೊಳ್ಳುತ್ತಾನೆ. ಗೆಳೆಯನು ತನಗೂ ಬೇಕೆನ್ನುತ್ತಾನೆ. ಕೊಂಡವನು ಆಟದ ಡಿಸ್ಕನ್ನೇ ಎರವಲು ಕೊಡಬಹುದು. ಪೆನ್‌ಡ್ರೈವಿನಲ್ಲಿ ನಕಲು ಮಾಡಿ ಕೊಡಬಹುದು. ಅಥವಾ ತನ್ನ ಖಾತೆಯ ಗುಪ್ತಪದವನ್ನೇ ಹೇಳಿಬಿಡಬಹುದು. ಇದು ಸ್ನೇಹವೋ, ‘ಪೈರಸಿ’ಯೋ? ಸ್ನೇಹಿತರ ನಡುವೆ ಕಳವೆಂಬುದೇ ಇಲ್ಲ ಎಂದು ಹುಡುಗರು ಹೇಳುತ್ತಾರೆ. ಕೊಳ್ಳದೆ ಆಡಿದರೆ ಎಲ್ಲವೂ ಕಳವೇ ಎಂದು ಆಟಗಳನ್ನು ಮಾರುವವರು ಹೇಳುತ್ತಾರೆ. ಎರಡೂ ಆತುರದ ಉತ್ತರಗಳು.

ಪೈರಸಿ ಎಂಬ ಶಬ್ದದ ಮೂಲಾರ್ಥ ಕಡಲುಗಳ್ಳತನ. ಅನ್ಯರ ಪುಸ್ತಕವನ್ನು ಅನುಮತಿಯಿಲ್ಲದೆ ಅಚ್ಚು ಹಾಕಿ ಮಾರುವ ಮುದ್ರಕರನ್ನು ಇಂಗ್ಲೆಂಡಿನ ಜನ 17ನೆಯ ಶತಮಾನದಲ್ಲಿಯೇ ಈ ಹೆಸರಿನಿಂದ ಹಳಿಯತೊಡಗಿದ್ದರು. ಬೈಗುಳವಾಗಿ ಹುಟ್ಟಿದ ಶಬ್ದ ನಿಖರವಾಗಿರುವುದು ಅಪರೂಪ. ನಮ್ಮ ದೇಶದಲ್ಲಿ ಈ ವಿಷಯವನ್ನು ಆಳುವುದು 1957ರ ಕೃತಿಸ್ವಾಮ್ಯ ಕಾಯಿದೆ. ಅದು ಕೇಳುವ ಪ್ರಶ್ನೆ, ಕೃತಿಕಾರನಿಗೆ ಮೀಸಲಾದ ಹಕ್ಕನ್ನು ಅವನ ಅನುಮತಿಯಿಲ್ಲದೆ ಬಳಸಿದಿರಾ ಎಂಬುದು. ಆ ಹಕ್ಕುಗಳಲ್ಲಿ ಮೊದಲನೆಯದೂ ಮುಖ್ಯವಾದುದೂ ಪ್ರತಿ ಮಾಡುವ ಹಕ್ಕು. 1984ರಲ್ಲಿ ಮಾಡಿದ ತಿದ್ದುಪಡಿಯಿಂದ ಕಂಪ್ಯೂಟರ್ ಪ್ರೋಗ್ರಾಂ ಕೂಡ ‘ಸಾಹಿತ್ಯಕೃತಿ’ಯ ವ್ಯಾಖ್ಯೆಯೊಳಗೆ ಸೇರಿತು. ಕೇಳುವುದಕ್ಕೆ ವಿಚಿತ್ರವಾದರೂ, ಕಾನೂನಿನ ದೃಷ್ಟಿಯಲ್ಲಿ ಓಟದ ಕಾರಿನ ಆಟವೊಂದರ ಪ್ರೋಗ್ರಾಂ ಕಾದಂಬರಿಯ ಪಂಕ್ತಿಯಲ್ಲಿಯೇ ಕುಳಿತಿದೆ.

ಹಾಗಾದರೆ ಡಿಸ್ಕನ್ನು ಎರವಲು ಕೊಡುವುದು ದೋಟಿಯನ್ನು ಕೊಟ್ಟಂತೆ. ಪ್ರತಿಯ ಸಂಖ್ಯೆ ಹೆಚ್ಚಲಿಲ್ಲ. ಗೆಳೆಯನು ಆಡುವಾಗ ಕೊಂಡವನು ಸುಮ್ಮನಿರಬೇಕು. ಆಟಗಳನ್ನು ಬಾಡಿಗೆಗೆ ಕೊಡುವ ವ್ಯಾಪಾರಕ್ಕೆ ಕೃತಿಸ್ವಾಮ್ಯದ ಒಡೆಯನ ಅನುಮತಿ ಬೇಕೆಂದು ಕಾಯಿದೆ ಹೇಳುತ್ತದೆ. ಗೆಳೆಯನಿಗೆ ನಾಲ್ಕು ದಿನ ಪುಕ್ಕಟೆಯಾಗಿ ಕೊಡುವುದು ವ್ಯಾಪಾರವಲ್ಲ. ಈ ಎರವಲನ್ನೂ ಕಟ್ಟಿಹಾಕಲು ಒಮ್ಮೆ ಯತ್ನ ನಡೆದಿತ್ತು. 2013ರ ಜೂನ್ ತಿಂಗಳಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ತನ್ನ ಹೊಸ ಆಟದ ಯಂತ್ರವಾದ ಎಕ್ಸ್‌ಬಾಕ್ಸ್ ಒನ್‌ನಲ್ಲಿ ಡಿಸ್ಕುಗಳ ಎರವಲಿಗೆ ನಿರ್ಬಂಧಗಳಿರುತ್ತವೆಂದು ತಿಳಿಸಿತು. ಆಟಗಾರರಿಂದ ಬಂದ ಪ್ರತಿಭಟನೆ ಎಷ್ಟು ತೀವ್ರವಾಗಿತ್ತೆಂದರೆ, ಅದೇ ತಿಂಗಳು ಮುಗಿಯುವುದರೊಳಗೆ ಸಂಸ್ಥೆಯು ಆ ನಿಯಮಗಳನ್ನು ಹಿಂತೆಗೆದುಕೊಂಡಿತು. ಕೊಂಡ ವಸ್ತುವನ್ನು ಕೈಯಿಂದ ಕೈಗೆ ದಾಟಿಸುವುದು ನ್ಯಾಯವೆಂಬ ಭಾವನೆ ಲೋಕದಲ್ಲಿ ಅಷ್ಟು ಗಟ್ಟಿಯಾಗಿ ಬೇರೂರಿದೆ.

ಪೆನ್‌ಡ್ರೈವಿನ ನಕಲು ದೋಟಿಯಲ್ಲ, ಬಳ್ಳಿಯ ಕುಡಿ. ಮೊದಲು ಒಂದಿತ್ತು, ಈಗ ಎರಡಾಯಿತು. ಇಲ್ಲಿ ಕಾನೂನು ಸ್ಪಷ್ಟವಾಗಿದೆ. ನ್ಯಾಯವಾಗಿ ಪಡೆದ ಪ್ರತಿಯು ಕೆಡಬಹುದೆಂಬ ಭಯದಿಂದ ತನಗಾಗಿ ಕಾಪು ಪ್ರತಿಯನ್ನು ಇಟ್ಟುಕೊಳ್ಳಲು ಅವಕಾಶವುಂಟು. ತನ್ನದೇ ವೈಯಕ್ತಿಕ, ವ್ಯಾಪಾರೇತರ ಬಳಕೆಗೆ ಪ್ರತಿ ಮಾಡಿಕೊಳ್ಳಲೂ ಅವಕಾಶವುಂಟು. ಆದರೆ ಗೆಳೆಯನ ಬಳಕೆಯು ತನ್ನ ಬಳಕೆಯಲ್ಲ. ಹಣ ಪಡೆಯಲಿಲ್ಲವೆಂಬ ಸಮಾಧಾನದಿಂದ ಉಲ್ಲಂಘನೆಯು ಇಲ್ಲದಂತಾಗುವುದಿಲ್ಲ. ಶಿಕ್ಷೆಯ ಪ್ರಮಾಣ ಮಾತ್ರ ಇಳಿಯಬಹುದು. ಅಕ್ರಮ ಪ್ರತಿಯೆಂದು ತಿಳಿದೂ ಅದನ್ನು ಕಂಪ್ಯೂಟರಿನಲ್ಲಿ ಬಳಸುವವನಿಗೆ 7 ದಿನಗಳಿಂದ 3 ವರ್ಷಗಳವರೆಗೆ ಸೆರೆವಾಸವನ್ನೂ 50,000 ರೂಪಾಯಿಗಳಿಂದ 2 ಲಕ್ಷ ರೂಪಾಯಿಗಳವರೆಗೆ ದಂಡವನ್ನೂ ವಿಧಿಸುವ ಕಲಮನ್ನು 1994ರ ತಿದ್ದುಪಡಿಯು ಸೇರಿಸಿತು. ಲಾಭಕ್ಕಾಗಿಯೋ ವ್ಯಾಪಾರಕ್ಕಾಗಿಯೋ ಬಳಸಿಲ್ಲವೆಂದು ನ್ಯಾಯಾಲಯಕ್ಕೆ ಮನವರಿಕೆಯಾದರೆ ಸೆರೆವಾಸವನ್ನು ಕೈಬಿಟ್ಟು, 50,000 ರೂಪಾಯಿ ಮೀರದಂತೆ ದಂಡ ವಿಧಿಸಬಹುದೆಂದು ಅದೇ ಕಲಮು ಹೇಳುತ್ತದೆ. ಆಟದ ಡಿಜಿಟಲ್ ಬೀಗವನ್ನು ಮುರಿಯುವುದನ್ನು 2012ರ ತಿದ್ದುಪಡಿಯು ಪ್ರತ್ಯೇಕ ಅಪರಾಧವನ್ನಾಗಿ ಮಾಡಿದೆ.

ಈ ಜಗಳ ಹೊಸದಲ್ಲ. ಮನೆಗಳಿಗೆ ಕಂಪ್ಯೂಟರ್ ಆಗತಾನೇ ಕಾಲಿಡುತ್ತಿದ್ದ 1976ರಲ್ಲಿ, ಆಗಿನ್ನೂ ಇಪ್ಪತ್ತರ ಪ್ರಾಯದ ಬಿಲ್ ಗೇಟ್ಸ್ ಅಮೆರಿಕದ ಕಂಪ್ಯೂಟರ್ ಹವ್ಯಾಸಿಗಳಿಗೆ ಒಂದು ಬಹಿರಂಗ ಪತ್ರವನ್ನು ಬರೆದರು. ತಾವೂ ತಮ್ಮ ಜೊತೆಗಾರರೂ ‘ಆಲ್ಟೇರ್’ ಎಂಬ ಯಂತ್ರಕ್ಕಾಗಿ ಸಿದ್ಧಪಡಿಸಿದ ಬೇಸಿಕ್ ಪ್ರೋಗ್ರಾಮನ್ನು ಹವ್ಯಾಸಿಗಳು ಕಾಗದದ ಪಟ್ಟಿಗಳಲ್ಲಿ ನಕಲು ಮಾಡಿ ಪರಸ್ಪರ ಹಂಚುತ್ತಿದ್ದಾರೆ, ಹೀಗಾದರೆ ಒಳ್ಳೆಯ ಪ್ರೋಗ್ರಾಂ ಬರೆಯಲು ಯಾರಿಗೆ ಮನಸ್ಸು ಬಂದೀತು ಎಂಬುದು ಅವರ ದೂರಿನ ಸಾರ. ಹವ್ಯಾಸಿಗಳು ತಮ್ಮನ್ನು ಕಳ್ಳರೆಂದು ಭಾವಿಸಿರಲಿಲ್ಲ. ಅವರ ಕೂಟಗಳಲ್ಲಿ ಹಂಚಿಕೊಳ್ಳುವುದೇ ಸದಾಚಾರವಾಗಿತ್ತು.

ಇಲ್ಲಿ ಒಂದು ಆಕ್ಷೇಪಣೆ ಏಳುವುದು ಸಹಜ. ಮೆಣಸಿನ ಕುಡಿಯನ್ನು ಹಂಚುವುದು ಸದ್ಗುಣವಾದರೆ ಆಟದ ನಕಲನ್ನು ಹಂಚುವುದು ಹೇಗೆ ದೋಷವಾದೀತು? ಆಕ್ಷೇಪಣೆ ಬಲವಾದದ್ದೇ. ಸಸ್ಯಗಳ ವಿಷಯದಲ್ಲಿ ನಮ್ಮ ಸಂಸತ್ತು ಹಂಚಿಕೆಯನ್ನು ಬಾಯಿಬಿಟ್ಟು ಸಮರ್ಥಿಸಿದೆ. ಸಸ್ಯತಳಿಗಳ ರಕ್ಷಣೆ ಮತ್ತು ರೈತರ ಹಕ್ಕುಗಳ 2001ರ ಕಾಯಿದೆಯ ಪ್ರಕಾರ, ನೋಂದಾಯಿತ ತಳಿಯ ಬೀಜವನ್ನೂ ರೈತನು ಉಳಿಸಿಕೊಳ್ಳಬಹುದು, ಬಿತ್ತಬಹುದು, ವಿನಿಮಯ ಮಾಡಬಹುದು, ಹಂಚಬಹುದು, ಮಾರಲೂಬಹುದು. ತಳಿಯ ಹೆಸರಿನ ಮುದ್ರೆ ಹಾಕಿ ಪೊಟ್ಟಣದಲ್ಲಿ ಮಾರುವಂತಿಲ್ಲ, ಅಷ್ಟೆ. ತಳಿಗಳು ರೈತನ ಕೈಯಲ್ಲಿಯೇ ಸಾವಿರಾರು ವರ್ಷ ಬೆಳೆದು ಬಂದವು. ಆ ಋಣವನ್ನು ಕಾಯಿದೆ ಒಪ್ಪಿಕೊಂಡಿದೆ. ಇನ್ನೊಂದು ಕಾರಣವನ್ನೂ ನಮ್ಮ ನೆರೆಯಲ್ಲಿಯೇ ಕಾಣಬಹುದು. ಪುತ್ತೂರಿನ ಮೊಟ್ಟೆತ್ತಡ್ಕದಲ್ಲಿ ಗೇರು ಸಂಶೋಧನಾ ನಿರ್ದೇಶನಾಲಯವಿದೆ. ಕಡಬ ತಾಲೂಕಿನ ಕಿದುವಿನಲ್ಲಿ ಸಿ.ಪಿ.ಸಿ.ಆರ್.ಐ. ಎಂದು ಎಲ್ಲರೂ ಕರೆಯುವ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಕ್ಷೇತ್ರವಿದೆ. ಅಲ್ಲಿಯ ವಿಜ್ಞಾನಿಗಳ ವೇತನವನ್ನು ಸರ್ಕಾರ ಭರಿಸುತ್ತದೆ. ಒಳ್ಳೆಯ ಗೇರಿನ ಕಸಿ ಊರೆಲ್ಲ ಹಬ್ಬಿದರೆ ಅವರ ಕೆಲಸ ಸಾರ್ಥಕವಾಯಿತೆಂದೇ ಲೆಕ್ಕ. ಆಟವನ್ನು ರೂಪಿಸುವವರಿಗೆ ಇಂಥ ಆಸರೆಯಿಲ್ಲ. 2020ರಲ್ಲಿ ಹೊರಬಂದ ‘ರಾಜಿ’ ಎಂಬ ಆಟವನ್ನು ಪುಣೆಯ ಒಂದು ಸಣ್ಣ ತಂಡ ರಚಿಸಿತು. ಚಿತ್ರ ಬರೆಯುವವರು, ಸಂಗೀತ ಕೂಡಿಸುವವರು, ಪ್ರೋಗ್ರಾಂ ಬರೆಯುವವರು ವರ್ಷಗಟ್ಟಲೆ ದುಡಿದ ಮೇಲೆ, ಮಾರಾಟವಾದ ಪ್ರತಿಗಳಿಂದಲೇ ಅಂಥವರ ಅನ್ನ ಹುಟ್ಟಬೇಕು. ಕುಡಿ ಕೊಟ್ಟರೆ ಮೆಣಸಿನ ಬಳ್ಳಿಗೆ ಹಸಿವಾಗುವುದಿಲ್ಲ; ನಕಲಿನ ಹಿಂದೆ ಹಸಿವಾಗುವ ಮನುಷ್ಯನಿದ್ದಾನೆ.

ಆದರೂ ಕೃತಿಕಾರನ ಹಕ್ಕು ನಿರಂಕುಶವಲ್ಲ. ಅದಕ್ಕೆ ಎಲ್ಲಿ ಎಲ್ಲೆ ಹಾಕಬೇಕೆಂಬ ಪ್ರಶ್ನೆಯು ಪುತ್ತೂರಿನ ಹೆಸರಿನೊಂದಿಗೆ ಬೆಸೆದುಕೊಂಡ ಒಬ್ಬ ಮಹನೀಯರ ಕೃತಿಗಳ ವಿಷಯದಲ್ಲಿಯೇ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ಡಾ. ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ದಶಕಗಳ ಕಾಲ ಬಾಳಿದವರು. ಮಕ್ಕಳಿಗಾಗಿ ‘ಬಾಲಪ್ರಪಂಚ’ದ ಸಂಪುಟಗಳನ್ನು ರಚಿಸಿದವರು. ಸಾಹಿತ್ಯದಷ್ಟೇ ಆಸಕ್ತಿ ಅವರಿಗೆ ಯಕ್ಷಗಾನದಲ್ಲಿಯೂ ಇತ್ತು. ಯಕ್ಷಗಾನದ ಹಾಡು, ಕುಣಿತ, ವೇಷಗಳನ್ನು ತಮ್ಮ ಕಲ್ಪನೆಗೆ ಅನುಗುಣವಾಗಿ ಮಾರ್ಪಡಿಸಿ, ‘ಭೀಷ್ಮ ವಿಜಯ’, ‘ನಳ ದಮಯಂತಿ’, ‘ಪಂಚವಟಿ’, ‘ಅಭಿಮನ್ಯು ವಧೆ’ ಮೊದಲಾದ ಏಳು ನೃತ್ಯರೂಪಕಗಳನ್ನು ಅವರು ರೂಪಿಸಿದರು. 1994ರ ಜೂನ್ 18ರಂದು ಬರೆದ ಉಯಿಲಿನಲ್ಲಿ ತಮ್ಮ ಕೃತಿಗಳ ಸ್ವಾಮ್ಯವನ್ನು ಶ್ರೀಮತಿ ಬಿ. ಮಾಲಿನಿ ಮಲ್ಯ ಅವರಿಗೆ ಕೊಟ್ಟರು. 1997ರ ಡಿಸೆಂಬರ್ 9ರಂದು ಅವರು ತೀರಿಕೊಂಡರು.

ನಾಲ್ಕು ವರ್ಷಗಳ ಬಳಿಕ, 2001ರ ಸೆಪ್ಟೆಂಬರ್ 18ರಂದು, ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ಸಂಸ್ಥೆಗೆ ಸೇರಿದ ಉಡುಪಿಯ ಯಕ್ಷಗಾನ ಕೇಂದ್ರವು ದೆಹಲಿಯಲ್ಲಿ ‘ಅಭಿಮನ್ಯು ವಧೆ’ಯನ್ನು ಪ್ರದರ್ಶಿಸಿತು. ತಮ್ಮ ಅನುಮತಿಯನ್ನು ಕೇಳಲಿಲ್ಲವೆಂದು ಮಾಲಿನಿ ಮಲ್ಯ ಅವರು ನ್ಯಾಯಾಲಯದ ಮೊರೆಹೊಕ್ಕರು. ಕಾರಂತರು ತನ್ನ ಕೇಂದ್ರದೊಂದಿಗೆ ದುಡಿದವರಾದ್ದರಿಂದ ಹಕ್ಕು ತನ್ನದೆಂದು ಸಂಸ್ಥೆ ವಾದಿಸಿತು. ಇಲ್ಲಿ ಯಾವ ಪಕ್ಷವನ್ನೂ ದುರುಳರೆಂದು ಭಾವಿಸಬೇಕಾಗಿಲ್ಲ. ಕಾರಂತರ ಪ್ರಯೋಗವನ್ನು ಜೀವಂತವಾಗಿಡಬೇಕೆಂಬ ಇಚ್ಛೆ ಕುಣಿದವರಿಗೂ ಇತ್ತು; ಕಾರಂತರು ತನಗೆ ಒಪ್ಪಿಸಿದ್ದನ್ನು ಕಾಯಬೇಕೆಂಬ ಹೊಣೆ ಉಯಿಲಿನಿಂದ ಪಡೆದವರಿಗೂ ಇತ್ತು.

ಕೆಳಗಿನ ನ್ಯಾಯಾಲಯವೂ ಕರ್ನಾಟಕ ಉಚ್ಚ ನ್ಯಾಯಾಲಯವೂ ಮಾಲಿನಿ ಮಲ್ಯ ಅವರ ಪರವಾಗಿ ತೀರ್ಪಿತ್ತವು. 2009ರ ಜನವರಿ 23ರಂದು ಸರ್ವೋಚ್ಚ ನ್ಯಾಯಾಲಯವು ನೀಡಿದ ತೀರ್ಪಿನಲ್ಲಿ ನಮಗೆ ಬೇಕಾದ ಎರಡು ಅಂಶಗಳಿವೆ. ನೃತ್ಯರೂಪಕವು ಸಾಹಿತ್ಯಕೃತಿಗಿಂತ ಭಿನ್ನವಾದ ನಾಟ್ಯಕೃತಿಯಾದರೂ, ಉಯಿಲಿನಲ್ಲಿ ಬಿಡಿಯಾಗಿ ಹೆಸರಿಸದೆ ಉಳಿದದ್ದೆಲ್ಲ ಅವರಿಗೇ ಸೇರಬೇಕೆಂಬ ಮಾತಿರುವುದರಿಂದ ಅದರ ಸ್ವಾಮ್ಯವೂ ಅವರದೇ ಎಂಬುದು ಮೊದಲನೆಯದು. ಅನುಮತಿಯಿಲ್ಲದೆ ಪ್ರದರ್ಶಿಸಬಾರದೆಂಬ ತಡೆಯಾಜ್ಞೆಯು ಕಾಯಿದೆಯೇ ತೆರೆದಿಟ್ಟ ಬಾಗಿಲುಗಳನ್ನು ಮುಚ್ಚಲಾರದು ಎಂಬುದು ಎರಡನೆಯದು. ಆ ಬಾಗಿಲುಗಳಾವುವು? ವಿದ್ಯಾಸಂಸ್ಥೆಯ ಚಟುವಟಿಕೆಯ ಅಂಗವಾಗಿ, ಶಿಕ್ಷಕರೂ ವಿದ್ಯಾರ್ಥಿಗಳೂ, ಸಂಸ್ಥೆಯವರು ಮತ್ತು ಮಕ್ಕಳ ಪೋಷಕರ ಮುಂದೆ ಆಡುವ ನಾಟಕಕ್ಕೆ ಅನುಮತಿ ಬೇಡ. ಹವ್ಯಾಸಿ ಸಂಘವು ಟಿಕೇಟಿಲ್ಲದ ಪ್ರೇಕ್ಷಕರ ಮುಂದೆ ಅಥವಾ ಧಾರ್ಮಿಕ ಸಂಸ್ಥೆಯ ಸಹಾಯಾರ್ಥವಾಗಿ ಆಡಿದರೂ ಬೇಡ. ಶಾಲಾ ವಾರ್ಷಿಕೋತ್ಸವದಲ್ಲಿ ಮಕ್ಕಳು ‘ಪಂಚವಟಿ’ಯನ್ನು ಆಡಿದರೆ ಅದು ಹಂಚಿಕೆ, ಅದನ್ನೇ ಟಿಕೇಟಿಟ್ಟು ಊರೂರಿನಲ್ಲಿ ಆಡಿದರೆ ಹಕ್ಕಿನ ಉಲ್ಲಂಘನೆ. ಕುಂಬಳೆಯ ಪಾರ್ತಿಸುಬ್ಬನದೆಂದು ಹೇಳುವ ರಾಮಾಯಣ ಪ್ರಸಂಗಗಳಿಗೆ ಈ ಯಾವ ಕಟ್ಟೂ ಇಲ್ಲ. ಅವು ಎಂದೋ ಎಲ್ಲರ ಸೊತ್ತಾಗಿವೆ. ಕೃತಿಕಾರನ ಮರಣಾನಂತರ 60 ವರ್ಷಗಳವರೆಗೆ ಮಾತ್ರ ಸ್ವಾಮ್ಯ ಉಳಿಯುವುದರಿಂದ, ಕಾರಂತರ ಜೀವಿತಕಾಲದಲ್ಲಿ ಪ್ರಕಟವಾದ ಕೃತಿಗಳೂ 2057ರ ಕೊನೆಯಲ್ಲಿ ಅದೇ ರೀತಿ ಎಲ್ಲರ ಸೊತ್ತಾಗಲಿವೆ.

ಯಕ್ಷಗಾನಕ್ಕೂ ಕಂಪ್ಯೂಟರಿನ ಆಟಕ್ಕೂ ಏನು ಸಂಬಂಧವೆಂದು ಕೇಳಬಹುದು. ಯಾರ ಮುಂದೆ, ಎಷ್ಟು ಜನರಿಗೆ, ಹಣಕ್ಕೋ ಪುಕ್ಕಟೆಯೋ ಎಂಬ ಪ್ರಶ್ನೆಗಳಿಗೆ ಪ್ರದರ್ಶನದ ವಿಷಯದಲ್ಲಿ ಕಾನೂನು ಬೆಲೆ ಕೊಟ್ಟಿದೆ. ಗೆಳೆಯರನ್ನು ಮನೆಗೆ ಕರೆದು, ಒಂದೇ ಯಂತ್ರದ ಮುಂದೆ ಸರದಿಯಲ್ಲಿ ಕುಳಿತು ಆಡಿದರೆ ಹೊಸ ಪ್ರತಿಯೂ ಹುಟ್ಟುವುದಿಲ್ಲ, ಟಿಕೇಟೂ ಇಲ್ಲ. ಅದನ್ನು ಪೈರಸಿಯೆನ್ನಲು ಯಾವ ಆಧಾರವೂ ಇಲ್ಲ. ಪ್ರತಿ ಮಾಡುವ ವಿಷಯದಲ್ಲಿಯಾದರೋ ಆಟದ ಪ್ರೋಗ್ರಾಮಿಗೆ ಅಷ್ಟು ಉದಾರವಾದ ಬಾಗಿಲನ್ನು ಕಾಯಿದೆ ತೆರೆದಿಲ್ಲ.

ನಮ್ಮ ಮಲೆನಾಡಿನ ಅಂಚಿನ ಊರುಗಳಿಗೆ ಪೆನ್‌ಡ್ರೈವಿನ ಪ್ರಶ್ನೆಯು ಇನ್ನೊಂದು ಕಾರಣದಿಂದ ಮುಖ್ಯವಾಗಿದೆ. ಕೊರೋನಾ ಕಾಲದಲ್ಲಿ ಪಾಠಗಳು ಮೊಬೈಲಿನಲ್ಲಿ ನಡೆಯುತ್ತಿದ್ದಾಗ ಸುಳ್ಯ ತಾಲೂಕಿನ ಹಲವು ಮಕ್ಕಳು ಸಂಕೇತವನ್ನರಸಿ ಗುಡ್ಡವೇರುತ್ತಿದ್ದರು. ಮಳೆಯಲ್ಲಿ ಕೊಡೆ ಹಿಡಿದು ರಸ್ತೆಯ ಬದಿಯಲ್ಲಿ ಕುಳಿತು ಪಾಠ ಕೇಳುತ್ತಿದ್ದರು. ಅಂಥ ಸ್ಥಳದಲ್ಲಿ ಒಂದು ದೊಡ್ಡ ಆಟವನ್ನು ಅಂತರಜಾಲದಿಂದ ಇಳಿಸಿಕೊಳ್ಳಲು ರಾತ್ರಿಗಳೇ ಬೇಕಾಗುತ್ತವೆ. ಪೇಟೆಯಲ್ಲಿರುವ ಗೆಳೆಯನಿಂದ ಕಡತಗಳನ್ನು ಹೊತ್ತು ತರುವುದು ಇಲ್ಲಿ ಕಳ್ಳಬುದ್ಧಿಯಲ್ಲ, ಅನಿವಾರ್ಯತೆ. ಇದಕ್ಕೆ ನ್ಯಾಯವಾದ ದಾರಿಯೂ ಇದೆ. ಆಟದ ಕಡತವೇ ಬೇರೆ, ಆಡುವ ಪರವಾನಗಿಯೇ ಬೇರೆ. ಇಬ್ಬರೂ ಪರವಾನಗಿಯನ್ನು ಕೊಂಡಿದ್ದರೆ ಒಬ್ಬನ ಯಂತ್ರದಿಂದ ಮತ್ತೊಬ್ಬನ ಯಂತ್ರಕ್ಕೆ ಕಡತಗಳನ್ನು ಸಾಗಿಸುವುದರಲ್ಲಿ ತಪ್ಪಿಲ್ಲ. ಆಟಗಳ ದೊಡ್ಡ ಮಾರುಕಟ್ಟೆಯಾದ ‘ಸ್ಟೀಮ್’ 2023ರಲ್ಲಿ ಒಂದೇ ಮನೆಯ ಜಾಲದಲ್ಲಿರುವ ಯಂತ್ರಗಳ ನಡುವೆ ಇಂಥ ಸಾಗಣೆಗೆ ತಾನೇ ಏರ್ಪಾಡು ಮಾಡಿತು.

ಉಳಿದದ್ದು ಗುಪ್ತಪದದ ವಿಷಯ. ಖಾತೆಯನ್ನು ಗೆಳೆಯನೊಂದಿಗೆ ಹಂಚಿಕೊಂಡರೆ ಬೀಗ ಮುರಿದಂತಾಗುವುದಿಲ್ಲ. ಆದರೆ ಖಾತೆ ತೆರೆಯುವಾಗ ಓದದೆ ಒಪ್ಪಿದ ಕರಾರನ್ನು ಮುರಿದಂತಾಗುತ್ತದೆ. ಇದನ್ನು ಪೈರಸಿಯೆನ್ನುವುದಕ್ಕಿಂತ ಮಾತಿಗೆ ತಪ್ಪಿದ್ದೆನ್ನುವುದು ಸರಿ. ಫಲ ಮಾತ್ರ ಕಹಿಯಾಗಿರಬಹುದು: ಖಾತೆಯೇ ಮುಚ್ಚಿಹೋದರೆ ಕೊಂಡ ಆಟಗಳೆಲ್ಲ ಅದರೊಂದಿಗೆ ಹೋಗುತ್ತವೆ. 2024ರಲ್ಲಿ ಸ್ಟೀಮ್ ಜಾರಿಗೆ ತಂದ ಕುಟುಂಬ ವ್ಯವಸ್ಥೆಯಲ್ಲಿ ಒಂದೇ ಮನೆಯ ಆರು ಮಂದಿಯವರೆಗೆ ಆಟಗಳನ್ನು ಹಂಚಿಕೊಳ್ಳಬಹುದು. ಒಂದು ಪ್ರತಿಯನ್ನು ಒಮ್ಮೆಗೆ ಒಬ್ಬರು ಮಾತ್ರ ಆಡಬಹುದು. ನಮ್ಮ ದೋಟಿಯ ನ್ಯಾಯವೇ ಇದು. ಅಣ್ಣನ ಆಟವನ್ನು ಆಡುತ್ತ ತಮ್ಮನು ಮೋಸ ಮಾಡಿ ಬಹಿಷ್ಕೃತನಾದರೆ ಅಣ್ಣನಿಗೂ ಆ ಆಟದಿಂದ ಬಹಿಷ್ಕಾರ ಬೀಳುತ್ತದೆ. ಗೆಳೆಯನೆಂದರೆ ಒಂದೇ ಮನೆಯವನಲ್ಲ ಎಂಬುದನ್ನೂ ಗಮನಿಸಬೇಕು.

ಕೊಳ್ಳುವವರ ಕಡೆಯ ಅಳಲನ್ನೂ ಹೇಳದಿದ್ದರೆ ನ್ಯಾಯವಾಗದು. ಅಂಗಡಿಯವರು ‘ಕೊಳ್ಳಿರಿ’ ಎಂಬ ಗುಂಡಿಯನ್ನು ತೋರಿಸಿ ಹಣ ಪಡೆಯುತ್ತಾರೆ. ಕೊಟ್ಟದ್ದು ವಸ್ತುವನ್ನಲ್ಲ, ಬಳಕೆಯ ಪರವಾನಗಿಯನ್ನು ಎಂದು ಕರಾರಿನ ಮೂಲೆಯಲ್ಲಿ ಬರೆದಿರುತ್ತಾರೆ. ಫ್ರಾನ್ಸಿನ ಯೂಬಿಸಾಫ್ಟ್ ಸಂಸ್ಥೆಯು ‘ದಿ ಕ್ರೂ’ ಎಂಬ ಆಟದ ಸರ್ವರ್‌ಗಳನ್ನು 2024ರ ಮಾರ್ಚ್ 31ರಂದು ನಿಲ್ಲಿಸಿದಾಗ, ಹಣ ಕೊಟ್ಟು ಕೊಂಡವರಿಗೂ ಆಟ ಇಲ್ಲವಾಯಿತು. ದೋಟಿಯನ್ನು ಮಾರಿದ ಅಂಗಡಿಯವನು ಹತ್ತು ವರ್ಷದ ಮೇಲೆ ಬಂದು ಅದನ್ನು ಹಿಂದಕ್ಕೆ ಒಯ್ದರೆ ನಾವು ಸುಮ್ಮನಿರುವೆವೇ? ಈ ಅಸಮಾಧಾನದ ಫಲವಾಗಿ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ, ಮಾರುತ್ತಿರುವುದು ಪರವಾನಗಿ ಮಾತ್ರವೆಂದು ಗ್ರಾಹಕರಿಗೆ ಸ್ಪಷ್ಟವಾಗಿ ತಿಳಿಸಬೇಕೆಂಬ ಕಾನೂನು 2025ರ ಜನವರಿಯಿಂದ ಜಾರಿಗೆ ಬಂದಿದೆ. ತನ್ನ ಸ್ವಾಮ್ಯವನ್ನು ಮಾರುವವನು ಕಟ್ಟುನಿಟ್ಟಾಗಿ ಕಾಯುವುದಾದರೆ, ಕೊಂಡವನ ಸ್ವಾಮ್ಯವೇನೆಂಬುದನ್ನೂ ಅಷ್ಟೇ ಕಟ್ಟುನಿಟ್ಟಾಗಿ ಹೇಳಬೇಕಾದದ್ದು ಅವನ ಕರ್ತವ್ಯ.

ಹಂಚಲೆಂದೇ ರೂಪುಗೊಂಡ ಆಟಗಳೂ ಇವೆ. 1993ರ ಡಿಸೆಂಬರಿನಲ್ಲಿ ಅಮೆರಿಕದ ಇಡ್ ಸಾಫ್ಟ್‌ವೇರ್ ತಂಡವು ‘ಡೂಮ್’ ಎಂಬ ಆಟದ ಮೊದಲ ಭಾಗವನ್ನು ಯಾರು ಬೇಕಾದರೂ ನಕಲು ಮಾಡಿ ಹಂಚಬಹುದೆಂದು ಬಿಟ್ಟುಕೊಟ್ಟಿತು. ಗೆಳೆಯರಿಂದ ಗೆಳೆಯರಿಗೆ ದಾಟಿ ಅದು ಲೋಕವನ್ನೆಲ್ಲ ಸುತ್ತಿತು. ರುಚಿ ಹತ್ತಿದವರು ಉಳಿದ ಭಾಗಗಳನ್ನು ಹಣ ಕೊಟ್ಟು ಕೊಂಡರು. ‘ಸೂಪರ್‌ಟಕ್ಸ್‌ಕಾರ್ಟ್’ ಎಂಬ ಓಟದ ಆಟವನ್ನು ಅದರ ನಿರ್ಮಾಪಕರು ಮುಕ್ತ ಪರವಾನಗಿಯಲ್ಲಿ ಪ್ರಕಟಿಸಿದ್ದಾರೆ. ಅದನ್ನು ನಕಲು ಮಾಡಬಹುದು, ಹಂಚಬಹುದು, ಪ್ರೋಗ್ರಾಂ ಕಲಿತವರು ಬಿಚ್ಚಿ ನೋಡಿ ತಿದ್ದಲೂಬಹುದು. ಪರವಾನಗಿಯ ಪತ್ರವು ಪ್ರತಿಯ ಜೊತೆಯಲ್ಲಿಯೇ ಸಾಗಬೇಕು. ಅಂಥ ಆಟವನ್ನು ಪೆನ್‌ಡ್ರೈವಿನಲ್ಲಿ ತುಂಬಿಕೊಂಡು ಕಡಬದಿಂದ ಸುಳ್ಯದವರೆಗೆ ಎಷ್ಟು ಮನೆಗಳಿಗೆ ಕೊಟ್ಟರೂ ಕೇಳುವವರಿಲ್ಲ.